ಮರಿಯಳ ಪ್ರಶ್ನೆ: ‘ಕ್ರೊಯಿಟ್ಸ್‌ವೆಗ್’ ಚಲನಚಿತ್ರ ಮತ್ತು ಬಲಿದಾನದ ಬೋಧನೆ

ಜರ್ಮನಿಯ ನಿರ್ದೇಶಕ ಡೀಟ್ರಿಷ್ ಬ್ರುಗ್ಗೆಮಾನ್ ಅವರ ‘ಕ್ರೊಯಿಟ್ಸ್‌ವೆಗ್’ ಎಂಬ ಚಲನಚಿತ್ರವು 2014ರ ಬರ್ಲಿನ್ ಚಲನಚಿತ್ರೋತ್ಸವದಲ್ಲಿ ಮೊದಲು ತೆರೆಕಂಡಿತು. ಆ ಹೆಸರಿನ ಅರ್ಥ ‘ಶಿಲುಬೆಯ ಹಾದಿ’. ನಿರ್ದೇಶಕರು ತಮ್ಮ ಸಹೋದರಿ ಅನ್ನಾ ಅವರೊಡನೆ ಬರೆದ ಚಿತ್ರಕಥೆಗೆ ಬೆಳ್ಳಿ ಕರಡಿ ಪ್ರಶಸ್ತಿ ದೊರೆಯಿತು. ಕ್ರೈಸ್ತ ಐಕ್ಯತೆಯ ತೀರ್ಪುಗಾರರ ಮಂಡಳಿಯೂ ಚಿತ್ರವನ್ನು ಪುರಸ್ಕರಿಸಿತು. ಧರ್ಮಸಭೆಯನ್ನು ಟೀಕಿಸುವ ಚಿತ್ರವೆಂದು ಕೆಲವರು ಇದನ್ನು ಬದಿಗಿಟ್ಟಿರಬಹುದು. ಆದರೆ ಧರ್ಮೋಪದೇಶದ ಹೊಣೆ ಹೊತ್ತವರು ಇದನ್ನು ಒಮ್ಮೆಯಾದರೂ ನೋಡಬೇಕು; ಏಕೆಂದರೆ ಇಲ್ಲಿ ವಿಚಾರಣೆಗೆ ಒಳಗಾಗಿರುವುದು ನಮ್ಮದೇ ಕೆಲಸ.

ಚಿತ್ರವು ಹದಿನಾಲ್ಕು ದೃಶ್ಯಗಳಲ್ಲಿ ಸಾಗುತ್ತದೆ. ಪ್ರತಿಯೊಂದೂ ಕತ್ತರಿಸದ ಒಂದೇ ಚಿತ್ರಿಕೆ. ಕ್ಯಾಮರಾ ಬಹುಮಟ್ಟಿಗೆ ಅಲುಗಾಡುವುದೇ ಇಲ್ಲ. ಪ್ರತಿ ದೃಶ್ಯಕ್ಕೂ ಮೊದಲು ಶಿಲುಬೆಯ ಹಾದಿಯ ಒಂದೊಂದು ಸ್ಥಳದ ಹೆಸರು ತೆರೆಯ ಮೇಲೆ ಮೂಡುತ್ತದೆ. ತಪಸ್ಸುಕಾಲದ ಶುಕ್ರವಾರಗಳಲ್ಲಿ ಈ ಹದಿನಾಲ್ಕು ಸ್ಥಳಗಳನ್ನು ಧ್ಯಾನಿಸುತ್ತಾ ಬಂದಿರುವ ನಮಗೆ ಆ ಹೆಸರುಗಳು ಚಿರಪರಿಚಿತ. ಚಿತ್ರಮಂದಿರದಲ್ಲಿ ಅವು ಬೇರೆಯೇ ರೀತಿಯಲ್ಲಿ ಎದುರಾಗುತ್ತವೆ.

ಕಥಾನಾಯಕಿ ಮರಿಯಾ ಹದಿನಾಲ್ಕು ವರ್ಷದ ಹುಡುಗಿ. ಅವಳ ಕುಟುಂಬ ‘ಸಂತ ಪೌಲರ ಸಂಘ’ ಎಂಬ ಕಟ್ಟುನಿಟ್ಟಿನ ಸಮುದಾಯಕ್ಕೆ ಸೇರಿದ್ದು. ಈ ಸಂಘ ಕಾಲ್ಪನಿಕವಾದರೂ, ಮಹಾಧರ್ಮಾಧ್ಯಕ್ಷ ಮಾರ್ಸೆಲ್ ಲೆಫೆವ್ರ್ ಅವರು 1970ರಲ್ಲಿ ಸ್ಥಾಪಿಸಿದ ಸಂತ ಹತ್ತನೆಯ ಪಯಸ್ಸರ ಸಂಘವೇ ಇದರ ಮಾದರಿಯೆಂಬುದು ಸ್ಪಷ್ಟ. ದ್ವಿತೀಯ ವ್ಯಾಟಿಕನ್ ಮಹಾಸಭೆಯ ಸುಧಾರಣೆಗಳನ್ನು ಒಪ್ಪದ ಆ ಸಂಘವು 1988ರಲ್ಲಿ ಪೋಪರ ಅನುಮತಿಯಿಲ್ಲದೆ ನಾಲ್ವರು ಧರ್ಮಾಧ್ಯಕ್ಷರ ಅಭಿಷೇಕ ನಡೆಸಿದ್ದು, ಅವರ ಮೇಲಿನ ಬಹಿಷ್ಕಾರವನ್ನು 2009ರಲ್ಲಿ ಹದಿನಾರನೆಯ ಬೆನೆಡಿಕ್ಟರು ತೆರವುಗೊಳಿಸಿದ್ದು ಓದುಗರಿಗೆ ತಿಳಿದ ಸಂಗತಿ. ಆದರೆ ಚಿತ್ರದ ಹುರುಳು ಲತೀನ್ ಬಲಿಪೂಜೆಯ ವಿವಾದದಲ್ಲಿಲ್ಲ.

ಮೊದಲ ಸ್ಥಳದ ಹೆಸರು ‘ಯೇಸುವಿಗೆ ಮರಣದಂಡನೆ ವಿಧಿಸಲಾಗುತ್ತದೆ’. ಆ ಹೆಸರಿನ ಬೆನ್ನಿಗೇ ನಾವು ಕಾಣುವುದು ಪಿಲಾತನ ಅರಮನೆಯನ್ನಲ್ಲ, ದೃಢೀಕರಣ ಸಂಸ್ಕಾರಕ್ಕೆ ಸಿದ್ಧರಾಗುತ್ತಿರುವ ಮಕ್ಕಳ ಕೊನೆಯ ಧರ್ಮೋಪದೇಶ ತರಗತಿಯನ್ನು. ಉದ್ದನೆಯ ಮೇಜಿನ ನಡುವೆ ಯುವ ಗುರು ವೇಬರ್, ಇಕ್ಕೆಲಗಳಲ್ಲಿ ಮಕ್ಕಳು. ಕಡೆಯ ಭೋಜನದ ಚಿತ್ರಪಟವೇ ಕಣ್ಣೆದುರು ಬಂದಂತೆ. ಹತ್ತು ನಿಮಿಷಗಳಿಗೂ ಮೀರಿದ ಈ ದೃಶ್ಯದಲ್ಲಿ ಗುರುಗಳು ಒಮ್ಮೆಯೂ ಗದರಿಸುವುದಿಲ್ಲ. ಅವರದು ಸೌಮ್ಯವಾದ ಮಾತು. ವಿಷಯದ ಮೇಲೆ ಹಿಡಿತವಿದೆ, ಮಕ್ಕಳ ಮೇಲೆ ಅಕ್ಕರೆಯೂ ಇದೆ. ನಿಜ ಹೇಳಬೇಕೆಂದರೆ ನಮ್ಮಲ್ಲಿ ಅನೇಕರಿಗಿಂತ ಉತ್ತಮ ಶಿಕ್ಷಕರು. ಕ್ರಿಸ್ತನ ಯೋಧರಾಗಬೇಕು, ಲೋಕದ ಸಂಗೀತದಿಂದಲೂ ಆಕರ್ಷಣೆಗಳಿಂದಲೂ ದೂರವಿರಬೇಕು, ಪ್ರತಿದಿನ ಚಿಕ್ಕಪುಟ್ಟ ತ್ಯಾಗಗಳನ್ನು ಅರ್ಪಿಸಬೇಕು ಎಂಬುದು ಅವರ ಬೋಧನೆ. ಇತರ ಮಕ್ಕಳು ಹೊರಟ ಮೇಲೆ ಮರಿಯಾ ಹಿಂದೆ ಉಳಿಯುತ್ತಾಳೆ. ಮತ್ತೊಬ್ಬರಿಗಾಗಿ, ರೋಗಿಯಾದ ಮಗುವಿಗಾಗಿ, ತ್ಯಾಗವನ್ನು ಅರ್ಪಿಸಬಹುದೇ ಎಂದು ಕೇಳುತ್ತಾಳೆ. ಅವಳ ತಮ್ಮ ಯೊಹಾನ್ನೆಸ್‌ಗೆ ನಾಲ್ಕು ವರ್ಷ; ಇನ್ನೂ ಮಾತು ಬಂದಿಲ್ಲ.

ಗುರುಗಳು ಬಹುದು ಎನ್ನುತ್ತಾರೆ. ಸಿದ್ಧಾಂತದ ದೃಷ್ಟಿಯಿಂದ ಆ ಉತ್ತರದಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಆದರೆ ‘ಮಗಳೇ, ಏಕೆ ಕೇಳುತ್ತಿದ್ದೀಯೆ?’ ಎಂದು ಅವರು ಮರುಪ್ರಶ್ನೆ ಹಾಕುವುದಿಲ್ಲ. ಪ್ರಶ್ನೆಗೆ ಉತ್ತರ ಸಿಕ್ಕಿತು. ಪ್ರಶ್ನೆ ಕೇಳಿದ ಹುಡುಗಿಯ ಅಳಲು ಯಾರಿಗೂ ಕೇಳಿಸಲಿಲ್ಲ. ಮುಂದಿನ ಹದಿಮೂರು ದೃಶ್ಯಗಳೂ ಈ ಒಂದು ಗಳಿಗೆಯಿಂದಲೇ ಹುಟ್ಟುತ್ತವೆ.

ಮರಿಯಾ ಚಳಿಯಲ್ಲಿ ಬೆಚ್ಚನೆಯ ಉಡುಪನ್ನು ತ್ಯಜಿಸುತ್ತಾಳೆ, ಊಟ ಬಿಡುತ್ತಾಳೆ. ಸಹಪಾಠಿ ಕ್ರಿಸ್ಟಿಯಾನ್ ತನ್ನ ಚರ್ಚಿನ ಗಾಯನವೃಂದಕ್ಕೆ ಅವಳನ್ನು ಕರೆಯುತ್ತಾನೆ. ಅಲ್ಲಿ ಬಾಖ್‌ನ ಕೃತಿಗಳ ಜೊತೆಗೆ ಗಾಸ್ಪೆಲ್ ಹಾಡುಗಳನ್ನೂ ಹಾಡುತ್ತಾರೆ. ತಾಯಿಗೆ ಅಷ್ಟೇ ಸಾಕು. ‘ಯೇಸು ತಮ್ಮ ತಾಯಿಯನ್ನು ಸಂಧಿಸುತ್ತಾರೆ’ ಎಂಬ ನಾಲ್ಕನೆಯ ಸ್ಥಳವು ಕಾರಿನೊಳಗೆ ತಾಯಿ ಮಗಳ ಮೇಲೆ ಹರಿಹಾಯುವ ದೃಶ್ಯವಾಗಿದೆ. ಆ ಹೆಸರನ್ನೂ ಆ ದೃಶ್ಯವನ್ನೂ ಒಟ್ಟಿಗೆ ನೋಡಿದ ಮೇಲೆ ಶಿಲುಬೆಯ ಹಾದಿಯಲ್ಲಿ ಆ ಸ್ಥಳದ ಮುಂದೆ ಮೊಣಕಾಲೂರುವಾಗ ಮನಸ್ಸು ತುಸು ತಡವರಿಸುತ್ತದೆ.

ಇಲ್ಲಿ ನಿಯಮದ ವಿಷಯವಾಗಿ ಒಂದು ಮಾತು. ಈ ಸಮುದಾಯವು ಹಳೆಯ ಶಿಸ್ತಿಗೆ ನಿಷ್ಠವಾದುದೆಂದು ಹೇಳಿಕೊಳ್ಳುತ್ತದೆ. ಆದರೆ 1917ರ ಧರ್ಮಸಭಾ ಕಾನೂನು ಸಂಹಿತೆಯು ಉಪವಾಸದ ಕಟ್ಟಳೆಯನ್ನು ಇಪ್ಪತ್ತೊಂದು ವರ್ಷ ತುಂಬಿದವರಿಗೆ ಮಾತ್ರ ವಿಧಿಸಿತ್ತು. 1983ರ ಸಂಹಿತೆಯಲ್ಲೂ ಪ್ರಾಪ್ತ ವಯಸ್ಸಿಗೆ ಬಂದವರಿಗಷ್ಟೇ ಅದು ಅನ್ವಯಿಸುತ್ತದೆ. ಬೆಳೆಯುವ ಮಗುವಿನ ದೇಹ ಅನ್ನವನ್ನು ಬೇಡುತ್ತದೆಂಬುದನ್ನು ನಮ್ಮ ಪೂರ್ವಿಕರು ಬಲ್ಲವರಾಗಿದ್ದರು. ಕಟ್ಟುನಿಟ್ಟೆಲ್ಲವೂ ಪರಂಪರೆಯಲ್ಲ.

ಇನ್ನು ಬಲಿದಾನದ ಬೋಧನೆ. ಪರರಿಗಾಗಿ ನೋವನ್ನು ಅರ್ಪಿಸುವ ಭಕ್ತಿಗೆ ಸಾಮಾನ್ಯವಾಗಿ ಕೊಡುವ ಆಧಾರ ಕೊಲೊಸ್ಸೆಯರಿಗೆ 1:24. ಕ್ರಿಸ್ತನ ಬಾಧೆಗಳಲ್ಲಿ ಉಳಿದದ್ದನ್ನು ಅವರ ದೇಹವಾದ ಸಭೆಗಾಗಿ ತಾನು ತುಂಬುತ್ತಿರುವುದಾಗಿ ಪೌಲನು ಅಲ್ಲಿ ಹೇಳುತ್ತಾನೆ. ಆದರೆ ಆ ನೋವುಗಳನ್ನು ಪೌಲನು ಹುಡುಕಿಕೊಂಡು ಹೋಗಲಿಲ್ಲ. ಸುವಾರ್ತೆಯ ಸೇವೆಯಲ್ಲಿ ಸೆರೆಮನೆಯಾಗಿ, ಪೆಟ್ಟುಗಳಾಗಿ ಅವು ಅವನ ಮೇಲೆ ಬಂದವು. ವಿಮೋಚನೆಯ ಬಲಿ ಒಂದೇ ಸಾರಿ, ಸಂಪೂರ್ಣವಾಗಿ ನೆರವೇರಿತೆಂದು ಇಬ್ರಿಯರ ಪತ್ರಿಕೆಯ ಹತ್ತನೆಯ ಅಧ್ಯಾಯ ಸಾರುತ್ತದೆ. ರೋಮನರಿಗೆ 12:1ರಲ್ಲಿ ದೇವರು ಬಯಸುವುದು ಸಜೀವ ಬಲಿಯನ್ನು. ಮರಿಯಳ ಬಳಿಗೆ ಬಂದ ಬೋಧನೆಯಲ್ಲಿ ಈ ‘ಸಜೀವ’ ಎಂಬ ಮಾತು ಎಲ್ಲೋ ಜಾರಿಹೋಗಿತ್ತು. ಕ್ರಿಸ್ತನು ಈಗಾಗಲೇ ಕೊಟ್ಟಿರುವುದರಲ್ಲಿ ಪಾಲುಗೊಳ್ಳುವುದು ಒಂದು. ಕೊಡಲು ಒಲ್ಲದ ದೇವರಿಗೆ ಬೆಲೆ ತೆತ್ತು ವರವನ್ನು ಕೊಳ್ಳುವುದು ಇನ್ನೊಂದು. ಹೊರಗಿನಿಂದ ಎರಡೂ ಒಂದೇ ಬಗೆಯ ಉಪವಾಸ, ಒಂದೇ ಬಗೆಯ ಮೌನ. ಒಳಗಿರುವ ದೇವರು ಬೇರೆ.

ಈ ವ್ಯತ್ಯಾಸವನ್ನು ಕಂಡುಕೊಂಡವರು ಪರಂಪರೆಯಲ್ಲೇ ಇದ್ದಾರೆ. ಲಿಸ್ಯೂವಿನ ಸಂತ ತೆರೇಸಾ ಅವರ ಕಾಲದಲ್ಲಿ ಪಾಪಿಗಳಿಗೆ ಬರಬೇಕಾದ ಶಿಕ್ಷೆಯನ್ನು ತಮ್ಮ ಮೇಲೆ ಎಳೆದುಕೊಳ್ಳಲು ದೇವರ ನ್ಯಾಯಕ್ಕೆ ತಮ್ಮನ್ನು ಬಲಿಯಾಗಿ ಅರ್ಪಿಸಿಕೊಳ್ಳುವ ಕನ್ಯಾಸ್ತ್ರೀಯರಿದ್ದರು. ತೆರೇಸಾ ಅವರನ್ನು ಗೌರವಿಸಿದರೂ ಅವರ ಹಾದಿ ಹಿಡಿಯಲಿಲ್ಲ. 1895ರ ಜೂನ್‌ನಲ್ಲಿ ಅವರು ತಮ್ಮನ್ನು ಅರ್ಪಿಸಿಕೊಂಡದ್ದು ನ್ಯಾಯಕ್ಕಲ್ಲ, ದೇವರ ಕರುಣಾಪೂರ್ಣ ಪ್ರೀತಿಗೆ. ಮರಿಯಳ ಕೈಗೆ ಯಾರಾದರೂ ಇದನ್ನು ಇಟ್ಟಿದ್ದರೆ!

ದೃಢೀಕರಣದ ದಿನ ಮರಿಯಾ ಕುಸಿದು ಬೀಳುತ್ತಾಳೆ. ಆಸ್ಪತ್ರೆಯಲ್ಲಿ ಗುರು ವೇಬರ್ ಪರಮಪ್ರಸಾದ ತರುತ್ತಾರೆ. ಅದನ್ನು ನುಂಗಲೂ ಅವಳಲ್ಲಿ ಶಕ್ತಿಯಿಲ್ಲ. ಅವಳು ಸಾಯುತ್ತಿರುವ ಹೊತ್ತಿನಲ್ಲಿ, ಅದೇ ಕೋಣೆಯಲ್ಲಿ, ಯೊಹಾನ್ನೆಸ್ ಮೊದಲ ಬಾರಿಗೆ ಬಾಯಿ ತೆರೆಯುತ್ತಾನೆ. ಅವನ ಬಾಯಿಂದ ಬರುವುದು ಅಕ್ಕನ ಹೆಸರು.

ಇದು ಪವಾಡವೇ? ಚಿತ್ರ ತೀರ್ಪು ಕೊಡುವುದಿಲ್ಲ, ಅದು ಒಳ್ಳೆಯದೇ ಆಯಿತು. ಅಕ್ಕನ ಮರಣವನ್ನು ಕಂಡ ಮಗು ಕೂಗಿದೆ ಎಂದೂ ಹೇಳಬಹುದು, ಅವಳ ಪ್ರಾರ್ಥನೆ ಫಲಿಸಿತೆಂದೂ ಹೇಳಬಹುದು. ಹುಡುಗನ ಹೆಸರನ್ನು ಕೇಳಿದಾಗ ನನಗೆ ಲೂಕನ ಮೊದಲನೆಯ ಅಧ್ಯಾಯ ನೆನಪಾಯಿತು. ಅಲ್ಲಿಯೂ ಒಬ್ಬ ಯೊವಾನ್ನನಿದ್ದಾನೆ. ಆ ಹೆಸರನ್ನು ಹಲಗೆಯ ಮೇಲೆ ಬರೆದೊಡನೆ ಅವನ ತಂದೆ ಜಕರೀಯನ ಕಟ್ಟಿದ ನಾಲಗೆ ಸಡಿಲವಾಗುತ್ತದೆ. ಆ ನಾಲಗೆಗಾಗಿ ಯಾರೂ ಸಾಯಬೇಕಾಗಿರಲಿಲ್ಲ.

ಹದಿಮೂರನೆಯ ಸ್ಥಳ ಶವಪೆಟ್ಟಿಗೆ ಆರಿಸುವ ಅಂಗಡಿ. ಮಗಳು ಸಂತಳೆಂದೂ ಅವಳನ್ನು ಸಂತಪದವಿಗೆ ಏರಿಸಬೇಕೆಂದೂ ತಾಯಿ ದೃಢವಾಗಿ ಮಾತನಾಡುತ್ತಾಳೆ. ಮಾತಿನ ನಡುವೆಯೇ ಒಡೆದು ಅಳುತ್ತಾಳೆ. ಇಡೀ ಚಿತ್ರದಲ್ಲಿ ಅವಳ ಬಗ್ಗೆ ಮರುಕ ಹುಟ್ಟುವುದು ಇಲ್ಲಿಯೇ. ಅವಳೂ ಒಂದು ಕಾಲದಲ್ಲಿ ಇಂಥದೇ ಮೇಜಿನ ಬದಿಯಲ್ಲಿ ಕುಳಿತು ಬೋಧನೆ ಕೇಳಿದ ಹುಡುಗಿಯಾಗಿದ್ದಿರಬೇಕು.

ಕೊನೆಯ ಸ್ಥಳದಲ್ಲಿ ಸಮಾಧಿಯ ಬಳಿಗೆ ಕ್ರಿಸ್ಟಿಯಾನ್ ಒಬ್ಬನೇ ಬರುತ್ತಾನೆ. ಅವನು ಹೋದ ಮೇಲೆ, ಅಷ್ಟು ಹೊತ್ತು ಕದಲದೆ ನಿಂತಿದ್ದ ಕ್ಯಾಮರಾ ನಿಧಾನವಾಗಿ ಮೇಲಕ್ಕೇರಿ, ಸಮಾಧಿಯನ್ನೂ ಮರಗಳನ್ನೂ ದಾಟಿ, ಮೋಡ ತುಂಬಿದ ಆಕಾಶದಲ್ಲಿ ನಿಲ್ಲುತ್ತದೆ.