ಹೊಲದಲ್ಲಿ ಅಕ್ಕಡಿ, ಶಾಲೆಯಲ್ಲಿ ಊಟ

ಅಕ್ಕಂದಿರೇ, 2023ರಲ್ಲಿ ಮಳೆ ಕೈಕೊಟ್ಟಿತು. ನಮ್ಮ ರಾಜ್ಯದ 223 ತಾಲ್ಲೂಕುಗಳಲ್ಲಿ ಬರ ಬಂತು. 2024ರ ಬೇಸಿಗೆ ರಜೆಯಲ್ಲೂ ಅಲ್ಲಿನ ಶಾಲೆಗಳಲ್ಲಿ ಬಿಸಿಯೂಟ ಕೊಟ್ಟರು.

ಒಂದೇ ಬೆಳೆ ನಂಬಿದರೆ, ಅದು ಹೋದಾಗ ಎಲ್ಲಾ ಹೋಯಿತು. ಅದಕ್ಕೇ ನಮ್ಮ ಹಿರಿಯರು ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತಿದ್ದರು. ಅವರೆ, ತೊಗರಿ, ಹುಚ್ಚೆಳ್ಳು ಬಿತ್ತುತ್ತಿದ್ದರು. ತೊಗರಿ ಬೇರು ಆಳಕ್ಕೆ ಇಳಿಯುತ್ತದೆ. ಮಳೆ ತಡವಾದರೂ ತಾಳುತ್ತದೆ. ಅವರೆ ಮಣ್ಣಿಗೂ ಸಾರ ಕೊಡುತ್ತದೆ. ರಾಗಿ ಮಕ್ಕಳ ಎಲುಬಿಗೆ ಬಲ.

ಬಿಸಿಯೂಟದ ಅಕ್ಕಿ ಸರ್ಕಾರದ್ದು. ಸಾಂಬಾರಿನ ತರಕಾರಿ ಊರಲ್ಲೇ ಸಿಗುತ್ತದೆ. ಶಾಲೆಯ ಎಸ್‌ಡಿಎಂಸಿ ಸಭೆಗೆ ನಾವೂ ಹೋಗೋಣ. ನಮ್ಮೂರ ಸೊಪ್ಪು, ಅವರೆಕಾಯಿ ಕೊಳ್ಳಿ ಅಂತ ಕೇಳೋಣ. ಮಕ್ಕಳಿಗೆ ಒಳ್ಳೆ ಊಟ, ನಮ್ಮ ಕೈಗೆ ನಾಲ್ಕು ಕಾಸು.

ಈ ಸಲ ರಾಗಿ ಬೀಜದ ಜೊತೆ ಅವರೆ, ತೊಗರಿ ಬೀಜವನ್ನೂ ಎತ್ತಿಡೋಣ.