ಗಾಡಿ ಹಚ್ಚುವ ಮುನ್ನ ಒಂದಿಷ್ಟು ಲೆಕ್ಕ

ಹೊತ್ತು ಇಳಿಯುವುದೇ ತಡ, ಹಾನಗಲ್ಲಿನ ಬಸ್ ಸ್ಟ್ಯಾಂಡಿನ ಸುತ್ತ, ಶಿಗ್ಗಾವಿಯ ಹೆದ್ದಾರಿ ಬದಿಗೆ, ಸವಣೂರಿನ ಪೇಟೆಯಲ್ಲಿ, ಹಿರೇಕೆರೂರಿನ ಸರ್ಕಲ್ಲಿನಲ್ಲಿ ಕೈಗಾಡಿಗಳ ಒಲೆ ಹೊತ್ತಿಕೊಳ್ಳುತ್ತವೆ. ಒಂದು ಕಡೆ ಕಡಾಯಿಯಲ್ಲಿ ಮಿರ್ಚಿ ಭಜಿ, ಇನ್ನೊಂದು ಕಡೆ ದೊಡ್ಡ ಬೋಗುಣಿಯಲ್ಲಿ ಗಿರಮಿಟ್ಟು. ಗಾಡಿಯ ಹಿಂದೆ ನೋಡಿದರೆ ಅಲ್ಲಿ ನಿಂತಿರುವುದು ಒಬ್ಬ ಮನುಷ್ಯನಲ್ಲ, ಒಂದು ಸಂಸಾರ. ಅಪ್ಪ ಕಡಾಯಿಯ ಮುಂದೆ, ಅವ್ವ ಉಳ್ಳಾಗಡ್ಡಿ ಹೆಚ್ಚುತ್ತ, ಪಕ್ಕದಲ್ಲಿ ಪ್ಲೇಟು ತೊಳೆಯುವ ಒಬ್ಬ ಹುಡುಗ. ಆ ಹುಡುಗ ಮರುದಿನ ಬೆಳಿಗ್ಗೆ ನಮ್ಮ ಶಾಲೆಯ ಬೆಂಚಿನ ಮೇಲೆ ಕೂತಿರುತ್ತಾನೆ, ಅಥವಾ ಕೂತಿರುವುದಿಲ್ಲ.

ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಪಾಲಕರು ನಮ್ಮಂಥ ಮಾಸ್ತರರ ಬಳಿ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: “ಸರ್, ಹೊಲದಾಗ ಏನೂ ಉಳಿಯಂಗಿಲ್ಲ. ಮನಿಮಂದಿ ಕೂಡಿ ಒಂದು ಗಾಡಿ ಹಚ್ಚಬೇಕಂತ ಮಾಡೇವಿ. ಹೆಂಗರಿ?” ಹಚ್ಚಬಾರದು ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ದುಡಿದು ತಿನ್ನುವುದರಲ್ಲಿ ಅವಮಾನವಂತೂ ಇಲ್ಲವೇ ಇಲ್ಲ. ಆದರೆ ಗಾಡಿ ಹಚ್ಚುವ ಮುನ್ನ ಮನೆಯವರೆಲ್ಲ ಕೂತು ಮಾಡಬೇಕಾದ ಕೆಲವು ಲೆಕ್ಕಗಳಿವೆ. ಅವುಗಳಲ್ಲಿ ಕೆಲವು ಗಣಿತದವು, ಕೆಲವು ವಿಜ್ಞಾನದವು, ಒಂದು ಮಾತ್ರ ಮಕ್ಕಳದು.

ಅಮೆರಿಕದ ಗಾಡಿ, ನಮ್ಮ ಗಾಡಿ

ಅಮೆರಿಕದಲ್ಲಿ ಹಾಟ್ ಡಾಗ್ ಎಂಬ ತಿಂಡಿ ಇದೆ. ಹೆಸರು ಕೇಳಿ ಹುಡುಗರು ನಗುತ್ತಾರೆ. ಅದು ನಾಯಿಯ ಮಾಂಸವಲ್ಲ. ಉದ್ದನೆಯ ಬನ್ನಿನೊಳಗೆ ಮಾಂಸದ ಸಾಸೇಜ್ ಇಟ್ಟು, ಮೇಲೆ ಸಾಸಿವೆಯ ಚಟ್ನಿ ಸವರಿದ ಬೀದಿ ತಿಂಡಿ. ಜರ್ಮನಿಯಿಂದ ಬಂದ ಚಾರ್ಲ್ಸ್ ಫೆಲ್ಟ್‌ಮನ್ ಎಂಬಾತ 1867ರ ಸುಮಾರಿಗೆ ನ್ಯೂಯಾರ್ಕಿನ ಕೋನಿ ಐಲ್ಯಾಂಡ್ ಕಡಲ ದಂಡೆಯಲ್ಲಿ ಇದನ್ನು ತಳ್ಳುಗಾಡಿಯ ಮೇಲೆ ಮಾರಲು ತೊಡಗಿದ. ಮುಂದೆ ಅದು ದೊಡ್ಡ ಹೋಟೆಲಾಯಿತು. ಅಲ್ಲಿ ಬನ್ನು ಕೊಯ್ಯುವ ಕೆಲಸಕ್ಕಿದ್ದ ಪೋಲಂಡಿನ ವಲಸೆಗಾರ ನೇಥನ್ ಹ್ಯಾಂಡ್‌ವರ್ಕರ್, 1916ರಲ್ಲಿ ಸುಮಾರು 300 ಡಾಲರ್ ಉಳಿತಾಯದ ಹಣದಿಂದ ತನ್ನದೇ ಅಂಗಡಿ ತೆರೆದ. ಮಸಾಲೆಯ ಹದ ಹೆಂಡತಿ ಐಡಾಳದು. ದೊಡ್ಡ ಹೋಟೆಲಿನಲ್ಲಿ 10 ಸೆಂಟ್ ಇದ್ದ ತಿಂಡಿಯನ್ನು ಈ ಗಂಡ ಹೆಂಡತಿ 5 ಸೆಂಟಿಗೆ ಕೊಟ್ಟರು. ಅವರ ಹೆಸರಿನ ಅಂಗಡಿ ನೂರು ವರ್ಷ ದಾಟಿಯೂ ನಡೆದಿದೆ.

ಈ ಕಥೆಯಲ್ಲಿ ನಾವು ಗಮನಿಸಬೇಕಾದದ್ದು ಸಾಸೇಜನ್ನಲ್ಲ. ನೇಥನ್ ಮೊದಲು ಇನ್ನೊಬ್ಬರಲ್ಲಿ ಕೆಲಸ ಕಲಿತ. ಸ್ವಂತ ಉಳಿತಾಯದಿಂದ ಆರಂಭಿಸಿದ. ಹೆಂಡತಿಯ ಕೈಗುಣವನ್ನು ಬಂಡವಾಳವೆಂದು ತಿಳಿದ. ಜನರ ಕಿಸೆ ನೋಡಿ ದರ ಇಟ್ಟ. ಈ ನಾಲ್ಕು ಮಾತು ಕೋನಿ ಐಲ್ಯಾಂಡಿಗೆ ಎಷ್ಟು ಸತ್ಯವೋ ಹಿರೇಕೆರೂರಿಗೂ ಅಷ್ಟೇ ಸತ್ಯ.

ನಮಗೆ ಹಾಟ್ ಡಾಗ್ ಬೇಕಿಲ್ಲ. ಸವಣೂರು ಎಂದರೆ ಖಾರಾ, ಸವಣೂರು ಎಂದರೆ ಎಲೆ ಎಂದು ಹೊರಗಿನವರೂ ಹೇಳುತ್ತಾರೆ. ನಮ್ಮ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಚುರುಮುರಿ, ಪುಠಾಣಿ ಹಿಟ್ಟು, ಹುಣಸೆಹಣ್ಣು, ಬೆಲ್ಲ, ಉಳ್ಳಾಗಡ್ಡಿ ಎಲ್ಲವೂ ಊರ ಸಂತೆಯಲ್ಲೇ ಸಿಗುತ್ತವೆ. ಗಿರಾಕಿಗೆ ರುಚಿ ಪರಿಚಯಿಸುವ ಖರ್ಚೂ ಇಲ್ಲ!

ಲಾಭ ಯಾವುದು, ಕೂಲಿ ಯಾವುದು?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಕಿಗಳನ್ನು ನಿಮ್ಮ ಊರಿನ ದರಕ್ಕೆ ತಕ್ಕಂತೆ ಬದಲಿಸಿಕೊಳ್ಳಿ. ದಿನದ ಮಾರಾಟ 2,400 ರೂಪಾಯಿ. ಹಿಟ್ಟು, ಎಣ್ಣೆ, ಮೆಣಸಿನಕಾಯಿ, ಚುರುಮುರಿಗೆ 1,200. ಗ್ಯಾಸಿಗೆ 200. ಉಳಿದದ್ದು 1,000. ಇಲ್ಲಿಗೇ ನಿಲ್ಲಿಸಿ “ದಿನಕ್ಕ ಸಾವಿರ ಲಾಭ” ಎನ್ನುವವರೇ ಹೆಚ್ಚು. ಆದರೆ ಗಾಡಿ, ಪಾತ್ರೆ ಸವೆಯುತ್ತವೆ. ಅದಕ್ಕೆ ದಿನಕ್ಕೆ 100 ತೆಗೆದಿಡಬೇಕು. ನೀರು, ದೀಪ, ತಟ್ಟೆಗೆ 50. ಈಗ ಉಳಿದದ್ದು 850.

ಇನ್ನು ದುಡಿಮೆಯ ತಾಸು ಎಣಿಸಿ. ಪೇಟೆಯಿಂದ ಸಾಮಾನು ತರುವುದು, ಹೆಚ್ಚುವುದು, ಸಂಜೆ ನಿಲ್ಲುವುದು, ರಾತ್ರಿ ಪಾತ್ರೆ ತೊಳೆಯುವುದು ಎಲ್ಲ ಸೇರಿ ಗಂಡನದು 7 ತಾಸು, ಹೆಂಡತಿಯದು 7 ತಾಸು. 850ನ್ನು 14ರಿಂದ ಭಾಗಿಸಿದರೆ ತಾಸಿಗೆ ಸುಮಾರು 60 ರೂಪಾಯಿ. ಇದು ಲಾಭವಲ್ಲ, ಇಬ್ಬರ ಕೂಲಿ. ಮಳೆಗಾಲದಲ್ಲಿ ಮಲೆನಾಡಿನ ಸೆರಗಿನ ಹಾನಗಲ್ಲಿನಲ್ಲಿ ಜಡಿ ಹಿಡಿದರೆ ಗಾಡಿ ಹೊರಡದ ದಿನಗಳೂ ಇರುತ್ತವೆ. ಆ ದಿನಗಳ ಊಟವನ್ನೂ ಈ ಕೂಲಿಯೇ ಸಾಕಬೇಕು. ಹೆಂಡತಿಯ ಏಳು ತಾಸನ್ನು ಲೆಕ್ಕಕ್ಕೆ ಹಿಡಿಯದೆ ಹೋದದ್ದರಿಂದಲೇ ಎಷ್ಟೋ ಗಾಡಿಗಳು ಲಾಭದಲ್ಲಿರುವಂತೆ ಕಾಣುತ್ತವೆ!

ಎರಡನೆಯ ಲೆಕ್ಕ ಸಾಲದ್ದು. ಕೆಲವು ಕಡೆ ದಿನಗಂತಿನ ಖಾಸಗಿ ಸಾಲ ಹೀಗಿರುತ್ತದೆ: ಬರೆಯುವುದು 10,000, ಕೈಗೆ ಕೊಡುವುದು 9,000, ದಿನಕ್ಕೆ 100ರಂತೆ ನೂರು ದಿನ ತೀರಿಸಬೇಕು. “ನೂರಕ್ಕೆ ಹತ್ತು, ಅಷ್ಟ ಅಲ್ಲರೀ?” ಎನಿಸುತ್ತದೆ. ಹತ್ತನೆಯ ತರಗತಿಯ ಹುಡುಗ ಹುಡುಗಿಯರೇ, ಪೆನ್ಸಿಲ್ ಹಿಡಿಯಿರಿ. ಸಾಲ ದಿನವೂ ಕರಗುತ್ತ ಹೋಗುವುದರಿಂದ ನೂರು ದಿನದಲ್ಲಿ ನಿಮ್ಮ ಕೈಯಲ್ಲಿ ಸರಾಸರಿ ಇದ್ದದ್ದು ಸುಮಾರು 4,500 ರೂಪಾಯಿ. ಅದಕ್ಕೆ ಕೊಟ್ಟ ಬಡ್ಡಿ 1,000. ನೂರು ದಿನಕ್ಕೆ ಶೇ 22 ಎಂದರೆ ವರ್ಷಕ್ಕೆ ಸುಮಾರು ಶೇ 80!

ಇದಕ್ಕೆ ಬದಲು ದಾರಿಯಿದೆ. 2020ರ ಜೂನ್‌ನಲ್ಲಿ ಆರಂಭವಾದ ಪಿ.ಎಂ. ಸ್ವನಿಧಿ ಯೋಜನೆಯಲ್ಲಿ ಬೀದಿ ವ್ಯಾಪಾರಿಗಳಿಗೆ ಜಾಮೀನಿಲ್ಲದೆ ಬ್ಯಾಂಕ್ ಸಾಲ ಸಿಗುತ್ತದೆ. ಮೊದಲ ಹಂತದ ಸಾಲ 10,000 ರೂ. ಇದ್ದದ್ದನ್ನು 2025ರಲ್ಲಿ 15,000ಕ್ಕೆ ಏರಿಸಲಾಯಿತು. ತಪ್ಪದೆ ತೀರಿಸಿದವರಿಗೆ ಬಡ್ಡಿಯಲ್ಲಿ ಶೇ 7ರಷ್ಟು ಸಹಾಯಧನವೂ ಇದೆ, ಮುಂದಿನ ಹಂತದ ಹೆಚ್ಚಿನ ಸಾಲಕ್ಕೆ ಅರ್ಹತೆಯೂ ಬರುತ್ತದೆ.

ಕಡಾಯಿಯೊಳಗಿನ ವಿಜ್ಞಾನ

ಮಿರ್ಚಿ ಕರಿಯುವುದು ಒಳ್ಳೆಯ ಪ್ರಯೋಗ. ಎಣ್ಣೆ ಸುಮಾರು 180 ಡಿಗ್ರಿ ಸೆಲ್ಸಿಯಸ್‌ಗೆ ಕಾದಿರಬೇಕು. ಒಂದು ಹನಿ ಹಿಟ್ಟು ಬಿಟ್ಟರೆ ತಡವಿಲ್ಲದೆ ಮೇಲೆ ಬರಬೇಕು. ಆಗ ಹಿಟ್ಟಿನೊಳಗಿನ ನೀರು ಹಬೆಯಾಗಿ ರಭಸದಿಂದ ಹೊರಗೆ ನುಗ್ಗುತ್ತದೆ, ಎಣ್ಣೆಯನ್ನು ಒಳಗೆ ಬಿಡುವುದಿಲ್ಲ. ಭಜಿ ಎಣ್ಣೆ ಹೀರುವುದು ಹೆಚ್ಚಾಗಿ ಹೊರಗೆ ತೆಗೆದ ಮೇಲೆ. ಒಳಗಿನ ಹಬೆ ತಣ್ಣಗಾಗಿ ಕುಗ್ಗಿದಾಗ ಮೈಮೇಲಿನ ಎಣ್ಣೆ ಒಳಕ್ಕೆ ಸೆಳೆಯಲ್ಪಡುತ್ತದೆ. ಆದ್ದರಿಂದ ಬಿಸಿಯಿರುವಾಗಲೇ ಜಾರಿಯಲ್ಲಿ ಚೆನ್ನಾಗಿ ಬಸಿಯಬೇಕು. ಎಣ್ಣೆಯೂ ಉಳಿದೀತು, ಗಿರಾಕಿಯ ಎದೆಯೂ ಉಳಿದೀತು.

ಅದೇ ಎಣ್ಣೆಯನ್ನು ದಿನಗಟ್ಟಲೆ ಕಾಯಿಸಿದರೆ ಅದರ ಅಣುಗಳು ಒಡೆದು, ಕೂಡಿ, ಬೇರೆಯೇ ವಸ್ತುಗಳಾಗುತ್ತವೆ. ಎಣ್ಣೆ ಕಪ್ಪಾಗುತ್ತದೆ, ಅಂಟಾಗುತ್ತದೆ, ಬೇಗ ಹೊಗೆ ಬಿಡುತ್ತದೆ. ಇಂಥ ಧ್ರುವೀಯ ವಸ್ತುಗಳು ಶೇ 25 ಮೀರಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅಳೆಯುವ ಯಂತ್ರ ಗಾಡಿಯವರ ಬಳಿ ಇರುವುದಿಲ್ಲ, ನಿಜ. ಆದರೆ ಕಣ್ಣು, ಮೂಗು ಇವೆಯಲ್ಲ! ಕಪ್ಪಾಗಿ ನೊರೆಗಟ್ಟುವ ಎಣ್ಣೆಗೆ ಹೊಸ ಎಣ್ಣೆ ಬೆರೆಸಿದರೆ ಹೊಸದೂ ಕೆಡುತ್ತದೆಯೇ ಹೊರತು ಹಳೆಯದು ಸುಧಾರಿಸುವುದಿಲ್ಲ.

ಬಣ್ಣದ ಮಾತೂ ಇದೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬಟ್ಟೆಗೆ ಬಳಸುವ ರೋಡಮಿನ್-ಬಿ ಎಂಬ ಬಣ್ಣ ತಿಂಡಿಗಳಲ್ಲಿ ಕಂಡುಬಂದದ್ದೇ ಇದಕ್ಕೆ ಕಾರಣ. ಕಡಿಮೆ ಖಾರ, ಕಡುಗೆಂಪು ಬಣ್ಣಕ್ಕೆ ಹೆಸರಾದ ಮೆಣಸಿನಕಾಯಿ ಪಕ್ಕದ ತಾಲ್ಲೂಕಿನಲ್ಲೇ ಬೆಳೆಯುತ್ತಿರುವಾಗ ನಾವು ಪುಡಿ ಬಣ್ಣದ ಡಬ್ಬಿ ತೆರೆಯುವುದು ಎಂಥ ವಿಪರ್ಯಾಸ!

ನೀರಿನ ವಿಷಯದಲ್ಲಿ ಒಂದು ಗುಣಾಕಾರ ಸಾಕು. ಅನುಕೂಲ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಮಧ್ಯಾಹ್ನ ಮಾಡಿಟ್ಟ ಚಟ್ನಿಯಲ್ಲಿ ಒಂದೇ ಒಂದು ಇತ್ತೆನ್ನಿ. ಆರು ತಾಸಿನಲ್ಲಿ 18 ಸಲ ಇಮ್ಮಡಿಯಾಗಿ 2,62,144 ಆಗುತ್ತದೆ! ಚಟ್ನಿಯನ್ನು ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಿ. ಕುದಿಸಿ ಆರಿಸಿದ ನೀರು ಬಳಸಿ. ನೋಟು ಮುಟ್ಟಿದ ಕೈಯಿಂದ ಗಿರಮಿಟ್ಟು ಕಲಸಬೇಡಿ. ಹಣ ತೆಗೆದುಕೊಳ್ಳುವವರು ಒಬ್ಬರು, ತಿಂಡಿ ಕೊಡುವವರು ಇನ್ನೊಬ್ಬರು ಇರಲಿ. ಮನೆಮಂದಿ ಕೂಡಿ ಗಾಡಿ ನಡೆಸುವುದರ ದೊಡ್ಡ ಅನುಕೂಲವೇ ಇದು. ಅಚ್ಚಾದ ಕಾಗದದಲ್ಲಿ ಬಿಸಿ ತಿಂಡಿ ಕಟ್ಟಿದರೆ ಶಾಯಿಯ ರಾಸಾಯನಿಕಗಳು ಎಣ್ಣೆಗೆ ಅಂಟುತ್ತವೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿಯೂ 2023ರಲ್ಲಿಯೂ ಎಚ್ಚರಿಸಿದೆ. ಈ ಪುರವಣಿಯನ್ನು ಓದಿ ಮುಗಿಸಿ, ಬೇಕಾದರೆ ಪುಸ್ತಕಕ್ಕೆ ರಟ್ಟು ಹಾಕಿ, ಮಿರ್ಚಿ ಮಾತ್ರ ಕಟ್ಟಬೇಡಿ! ಬಾಳೆ ಎಲೆಯಿದೆ, ಅಡಿಕೆ ಹಾಳೆಯ ತಟ್ಟೆಯಿದೆ.

ಕಾಯಿದೆಯೂ ನಿಮ್ಮ ಕಡೆಗಿದೆ

ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆಯ ಕಾಯಿದೆ ಬಂದದ್ದು 2014ರಲ್ಲಿ. ಅದರ ಪ್ರಕಾರ ಊರಿಗೊಂದು ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳ ಪ್ರತಿನಿಧಿಗಳೇ ಆಗಿರಬೇಕು. ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ವ್ಯಾಪಾರದ ಪ್ರಮಾಣಪತ್ರ ಪಡೆದವನು ಸ್ವತಃ ಅಥವಾ ತನ್ನ ಕುಟುಂಬದವರ ಮೂಲಕವೇ ವ್ಯಾಪಾರ ಮಾಡಬೇಕು, ಅದನ್ನು ಬೇರೆಯವರಿಗೆ ಬಾಡಿಗೆಗೆ ಕೊಡುವಂತಿಲ್ಲ. ಅಂದರೆ ಕಾಯಿದೆಯೇ ಗಾಡಿಯನ್ನು ಒಂದು ಸಂಸಾರದ ದುಡಿಮೆ ಎಂದು ಒಪ್ಪಿದೆ. ಸಾಮಾನು ಜಪ್ತಿಯಾದರೆ ಪಟ್ಟಿ ಕೊಡಬೇಕು. ಕೆಡುವ ಪದಾರ್ಥಗಳನ್ನು ಕೇಳಿದ ದಿನವೇ ಬಿಡಬೇಕು. ಆಹಾರ ಸುರಕ್ಷತಾ ಕಾಯಿದೆಯ ನೋಂದಣಿಯ ವಿಷಯವನ್ನೂ ಆರಂಭದಲ್ಲೇ ವಿಚಾರಿಸಿಕೊಳ್ಳಿ. ಮನೆಯ 14.2 ಕಿಲೋ ಸಿಲಿಂಡರ್ ಗಾಡಿಗೆ ತರುವಂತಿಲ್ಲ, ವ್ಯಾಪಾರದ ಸಿಲಿಂಡರ್ ಬೇರೆಯೇ ಇದೆ. ಪುರಸಭೆಗೆ, ಪಟ್ಟಣ ಪಂಚಾಯಿತಿಗೆ ಹೋಗಿ ಅರ್ಜಿ ಬರೆಯುವ ಕೆಲಸವನ್ನು ಓದಿದ ಮಗಳಿಗೋ ಮಗನಿಗೋ ಒಪ್ಪಿಸಿ. ಓದಿನ ಮೊದಲ ಪ್ರಯೋಜನ ಅದು.

ಕೊನೆಯ ಲೆಕ್ಕ

ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅಪ್ಪನದು ಮಿರ್ಚಿ ಗಾಡಿ. ಉಳಿದವರು ಅವನನ್ನು ಮಿರ್ಚಿ ಎಂದೇ ಕೂಗುತ್ತಿದ್ದರು. ಅವನು ಎಂದೂ ಕೈ ಎತ್ತಿದವನಲ್ಲ. ಉಷ್ಣದ ಪಾಠ ನಡೆದಾಗ, ಕರಿದ ಭಜಿ ಎಣ್ಣೆಯ ಮೇಲೆ ತೇಲುವುದೇಕೆಂದು ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಹಿಂದಿನ ಬೆಂಚಿನಿಂದ ಅವನು ಮೆಲ್ಲಗೆ ಹೇಳಿದ: “ಒಳಗಿನ ನೀರು ಹಬಿ ಆಗಿ ಹೋಗ್ತದ್ರಿ ಸರ್. ಮತ್ತ ಸೋಡಾದ ಗಾಳಿ ತುಂಬಿ ಉಬ್ಬತೈತಿ. ಹಗುರಾಗಿ ತೇಲತೈತ್ರಿ.” ಪುಸ್ತಕದಲ್ಲಿ ಇದಕ್ಕಿಂತ ಚೆನ್ನಾದ ಉತ್ತರವಿರಲಿಲ್ಲ. ಅಂದಿನಿಂದ ಆ ಅಡ್ಡಹೆಸರು ನಿಂತಿತು.

ಆದರೆ ಅವನ ಹಾಜರಿಯಲ್ಲಿ ಪ್ರತಿ ಸಂತೆಯ ದಿನ ಒಂದು ಸೊನ್ನೆಯಿತ್ತು. ವಾರಕ್ಕೊಂದು ಸಂತೆ. ಶಾಲೆ ನಡೆಯುವ ಸುಮಾರು 220 ದಿನಗಳಲ್ಲಿ 40 ದಿನ ಹೋಯಿತು. ಪುಸ್ತಕ ತೆರೆದು ಅವನ ತಾಯಿಗೆ ತೋರಿಸಿದೆ. ವಾರಕ್ಕೊಂದು ದಿನವೆಂದರೆ ಏನು ಮಹಾ ಎಂದುಕೊಂಡಿದ್ದ ಆಕೆ, ನಲವತ್ತು ಸೊನ್ನೆಗಳನ್ನು ಒಂದೊಂದಾಗಿ ಬೆರಳಿಟ್ಟು ಎಣಿಸಿದರು. “ಸಂತಿ ದಿನ ನನ್ನ ತಮ್ಮನ್ನ ಕರಸ್ಕೋತೇನ್ರಿ ಸರ್. ಇವ ಸಾಲಿಗೆ ಬರ್ಲಿ” ಎಂದರು. ಆ ವರ್ಷ ದಿನಕ್ಕಿಷ್ಟು ಎಂದು ತಮ್ಮನಿಗೆ ಕೊಟ್ಟ ಕೂಲಿ ಆ ಗಾಡಿಯ ಅತ್ಯಂತ ಒಳ್ಳೆಯ ಬಂಡವಾಳ. ಹುಡುಗ ಎಸ್ಸೆಸ್ಸೆಲ್ಸಿ ದಾಟಿ ಐ.ಟಿ.ಐ. ಮುಗಿಸಿದ. ಬಿಡುವಿದ್ದಾಗ ಈಗಲೂ ಗಾಡಿಯ ಹಿಂದೆ ನಿಲ್ಲುತ್ತಾನೆ, ತಲೆ ಎತ್ತಿಕೊಂಡೇ ನಿಲ್ಲುತ್ತಾನೆ.

2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆ 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಹಚ್ಚುವುದನ್ನು ನಿಷೇಧಿಸಿದೆ. ಮನೆಯ ಉದ್ಯೋಗದಲ್ಲಿ ಶಾಲೆಯ ಅವಧಿ ಮುಗಿದ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕೆಲಸಕ್ಕೆ ಕೈಗೂಡಿಸಲು ಮಾತ್ರ ಅವಕಾಶವಿದೆ. ಕುದಿಯುವ ಎಣ್ಣೆ, ಉರಿಯುವ ಗ್ಯಾಸು ಅಪಾಯವಲ್ಲವೆಂದು ಯಾವ ತಾಯಿಯೂ ಹೇಳಲಾರಳು. ಮಕ್ಕಳನ್ನು ಕಡಾಯಿಯಿಂದ ದೂರವಿಡಿ. ಸಂಜೆ ಅರ್ಧ ತಾಸು ದಿನದ ಜಮಾ ಖರ್ಚು ಬರೆಯಲಿ, ಉದ್ರಿಯ ಪಟ್ಟಿ ಇಡಲಿ. ಆಮೇಲೆ ಅವರಿಗೆ ಅವರ ಪುಸ್ತಕ ಬಿಟ್ಟುಕೊಡಿ.

ವಿದ್ಯಾರ್ಥಿಗಳಿಗೂ ಒಂದು ಮಾತು. ಅಪ್ಪ ಅವ್ವ ಗಾಡಿಯ ಮುಂದೆ ನಿಂತಿರುವಾಗ ಗೆಳೆಯರು ಬಂದರೆ ಮರೆಗೆ ಸರಿಯಬೇಡಿ. ನಿಮ್ಮ ಶಾಲೆಯ ಫೀ, ಸೈಕಲ್ಲು, ಕಂಪಾಸ್ ಪೆಟ್ಟಿಗೆ ಆ ಹೊಗೆಯಿಂದಲೇ ಬಂದವು. “ಬನ್ರೋ, ನಮ್ಮ ಗಾಡಿ” ಎಂದು ಕರೆಯಿರಿ. ರೊಕ್ಕ ಮಾತ್ರ ಎಣಿಸಿ ತೆಗೆದುಕೊಳ್ಳಿ. ಗೆಳೆತನ ಬೇರೆ, ಉದ್ರಿ ಬೇರೆ!