ಯಾದಗಿರಿಯ ಬಿಸಿಲಿಗೆ ಒಗ್ಗುವ ಅಯಸ್ಕಾಂತ

ಎಂಆರ್‌ಐ ಯಂತ್ರದ ಒಡಲಲ್ಲಿರುವ ಅಯಸ್ಕಾಂತದ ಸುರುಳಿ ಸದಾ ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರಬೇಕು. ಯಾದಗಿರಿ, ಶಹಾಪುರ, ಸುರಪುರಗಳ ಬೇಸಿಗೆ 40 ಡಿಗ್ರಿ ದಾಟುತ್ತದೆ. 300 ಡಿಗ್ರಿಗೂ ಮೀರಿದ ಈ ಅಂತರವನ್ನು ಹಗಲಿರುಳು ಕಾಯುವುದೇ ಈ ಯಂತ್ರದ ದೊಡ್ಡ ಕಷ್ಟ. ಹಾಗಾಗಿ ಇಂಥ ಜಿಲ್ಲೆಯ ಆಸ್ಪತ್ರೆಗೆ ಎಂಆರ್‌ಐ ಬೇಕೆನ್ನುವಾಗ ಬೆಲೆಗಿಂತ ಮೊದಲು ಕೇಳಬೇಕಾದದ್ದು, ಅದನ್ನು ತಣ್ಣಗಿಡುವ ಶಕ್ತಿ ಯಾರ ಕೈಯಲ್ಲಿದೆ ಎಂದು.

ಅಷ್ಟು ಚಳಿ ಕೊಡುವುದು ದ್ರವ ಹೀಲಿಯಂ. ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ವಿಜ್ಞಾನಿ ಕ್ಯಾಮರ್ಲಿಂಗ್ ಓನ್ನೆಸ್ 1908ರಲ್ಲಿ ಹೀಲಿಯಂ ಅನಿಲವನ್ನು ದ್ರವವಾಗಿಸಿದರು. ಅದರ ಚಳಿಯಲ್ಲಿ ಪಾದರಸದ ವಿದ್ಯುತ್ ರೋಧ ಒಮ್ಮೆಲೇ ಮಾಯವಾದದ್ದನ್ನು 1911ರಲ್ಲಿ ಕಂಡರು. ಅತಿವಾಹಕತೆಯ ಕಥೆ ಶುರುವಾದದ್ದು ಹೀಗೆ. ನಿಯೋಬಿಯಂ-ಟೈಟಾನಿಯಂ ತಂತಿಯ ಸುರುಳಿಗೆ ಒಮ್ಮೆ ವಿದ್ಯುತ್ ತುಂಬಿ ತುದಿಗಳನ್ನು ಕೂಡಿಸಿದರೆ, ಅದು ವರ್ಷಗಟ್ಟಲೆ ತಾನೇ ಹರಿಯುತ್ತದೆ. ಅಯಸ್ಕಾಂತಕ್ಕೆ ತಗಲುವ ಖರ್ಚೆಲ್ಲ ಚಳಿಯನ್ನು ಉಳಿಸಿಕೊಳ್ಳುವುದಕ್ಕೆ. ಭಾರತದಲ್ಲಿ ದ್ರವ ಹೀಲಿಯಂ 1952ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ, ನಿರ್ದೇಶಕ ಕೆ.ಎಸ್. ಕೃಷ್ಣನ್ ಅವರ ಕಾಲದಲ್ಲಿ ತಯಾರಾಯಿತು. 1987ರಲ್ಲಿ ದ್ರವ ಸಾರಜನಕದ ಚಳಿಗೇ, ಅಂದರೆ ಮೈನಸ್ 196 ಡಿಗ್ರಿಗೇ ಅತಿವಾಹಕವಾಗುವ ವಸ್ತುಗಳು ಸಿಕ್ಕಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಆ ಶೋಧದ ಮುಂಚೂಣಿಯಲ್ಲಿತ್ತು. ಆದರೆ ಪಿಂಗಾಣಿಯಂತೆ ಮುರಿಯುವ ಆ ವಸ್ತುವಿನಿಂದ ಉದ್ದನೆಯ ತಂತಿ ಮಾಡುವುದು ದುಬಾರಿ. ಎಂಆರ್‌ಐ ಹಳೆಯ ತಂತಿಗೂ ಹೀಲಿಯಂಗೂ ಅಂಟಿಕೊಂಡಿತು. ಹಳೆಯ ಮಾದರಿಯ ಒಂದು ಯಂತ್ರಕ್ಕೆ ಸಾವಿರಕ್ಕೂ ಹೆಚ್ಚು ಲೀಟರ್ ದ್ರವ ಹೀಲಿಯಂ ಬೇಕು. ಭಾರತಕ್ಕೆ ಬೇಕಾದ ಹೀಲಿಯಂ ಬಹುಪಾಲು ಹೊರದೇಶದ್ದು.

ಹೀಲಿಯಂನ ಈ ಕಟ್ಟು ಸಡಿಲವಾದದ್ದು ತಂತಿ ಬದಲಾದ್ದರಿಂದಲ್ಲ, ತಣಿಸುವ ವಿಧಾನ ಬದಲಾದ್ದರಿಂದ. ವಿದ್ಯುತ್ತಿನಿಂದ ಓಡುವ ಕ್ರಯೋಕೂಲರ್ ಎಂಬ ಶೈತ್ಯಯಂತ್ರ ಬಲಗೊಂಡಂತೆ ಹೀಲಿಯಂ ತೊಟ್ಟಿ ಕುಗ್ಗುತ್ತ ಬಂತು. 2018ರಲ್ಲಿ ಫಿಲಿಪ್ಸ್ ಕಂಪನಿ ಬರೀ 7 ಲೀಟರ್ ಹೀಲಿಯಂ ಮುಚ್ಚಿಟ್ಟ ಯಂತ್ರವನ್ನು ಹೊರತಂದಿತು. ಬೆಂಗಳೂರಿನ ವೋಕ್ಸೆಲ್‌ಗ್ರಿಡ್ಸ್ ಸಂಸ್ಥೆ ದ್ರವ ಹೀಲಿಯಂ ನೆಚ್ಚಿಕೊಳ್ಳದ 1.5 ಟೆಸ್ಲಾ ಯಂತ್ರವನ್ನು ಕೇಂದ್ರ ಸರ್ಕಾರದ ನೆರವಿನೊಡನೆ ರೂಪಿಸಿ, 2023ರಲ್ಲಿ ದೇಶದ ಮುಂದಿಟ್ಟಿತು.

ವೈದ್ಯರೇ ಸಾಲದ ಜಿಲ್ಲೆಗೆ ಎಂಆರ್‌ಐ ಏಕೆ ಎನ್ನುವವರಿದ್ದಾರೆ. ವೈದ್ಯರು ಬೇಕೇ ಬೇಕು. ಆದರೆ ಗುಳೆ ಹೋಗಿ ಕಟ್ಟಡದ ಕೆಲಸದಲ್ಲಿ ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವನ ಗಾಯದ ಆಳ ತಿಳಿಯದೆ ಆ ವೈದ್ಯರೂ ಚಿಕಿತ್ಸೆ ನಿರ್ಧರಿಸುವುದು ಕಷ್ಟ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಹೀಲಿಯಂ ತೊಟ್ಟಿಯಿಲ್ಲದ ಅಯಸ್ಕಾಂತ ಕರೆಂಟು ಹೋದರೆ ಬೇಗ ಬಿಸಿಯೇರುತ್ತದೆ, ಮತ್ತೆ ತಣಿಯಲು ದಿನಗಳೇ ಬೇಕು. ಇದು ನಿಜ. ಆದರೂ ಈ ತೊಂದರೆಗೆ ಪರಿಹಾರ ನಮ್ಮ ಅಳವಿನಲ್ಲಿದೆ. ಪಕ್ಕದ ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರ ರಾಜ್ಯಕ್ಕೇ ವಿದ್ಯುತ್ ಕೊಡುತ್ತದೆ. ಆಸ್ಪತ್ರೆಗೊಂದು ಪ್ರತ್ಯೇಕ ಲೈನ್, ಜನರೇಟರ್ ಒದಗಿಸುವುದು ಆಡಳಿತಕ್ಕೆ ಸಾಧ್ಯ. ಆದರೆ ಹೀಲಿಯಂ ಬಾವಿಯನ್ನು ಸುರಪುರದ ಗುಡ್ಡದಲ್ಲಿ ತೋಡಲಾಗದು. ಕಲ್ಯಾಣ ಕರ್ನಾಟಕದ ಆಸ್ಪತ್ರೆಗಳಿಗೆ ಎಂಆರ್‌ಐ ಟೆಂಡರ್ ಕರೆಯುವವರು ಹೀಲಿಯಂ ಬೇಡದ ಯಂತ್ರವನ್ನೂ, ಅದಕ್ಕೆ ಕಡಿಯದ ವಿದ್ಯುತ್ತನ್ನೂ ಷರತ್ತಾಗಿ ಬರೆಯಲಿ.